ಬಿಸಿಲು ಕಾಣದ ಡಬ್ಬಿ

"ಇದೊಂದನ್ನ ಬಿಸಿಲಿಗೆ ಬಿಚ್ಚಿ ಸುರಿದುಬಿಡು ಮಗು. ದೀಪದ ಬೆಳಕು ಸಾಲದು. ಸೂರ್ಯ ನೆತ್ತಿ ಮೇಲಿರಬೇಕು," ಎಂದು ಸ್ಟುಡಿಯೋದ ಅಜ್ಜಿ ಆ ತಗಡಿನ ಡಬ್ಬಿಯನ್ನು ಬಟ್ಟೆಯ ತುಂಡಿನಲ್ಲಿ ಹಿಡಿದು ಮೇಜಿನ ಮೇಲಿಟ್ಟಳು. ಬರಿಗೈಯಲ್ಲಿ ಮುಟ್ಟಲಿಲ್ಲ.

ಅವನಿಗೆ ನಗು ಬಂತು, ನುಂಗಿಕೊಂಡ. ಈ ಊರಿಗೆ ಬಂದು ಮೂರು ತಿಂಗಳಾಗಿತ್ತಷ್ಟೆ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಕೆಲಸ. ಸೂಕ್ಷ್ಮದರ್ಶಕದಡಿ ಕಂಡದ್ದು ಉಂಟು, ಕಾಣದ್ದು ಇಲ್ಲ. ಅವನ ಲೋಕ ಈ ಎರಡೇ ಖಾನೆಗಳಲ್ಲಿ ಮುಗಿಯುತ್ತಿತ್ತು. ಕೆಲಸ ಬಿಟ್ಟರೆ ಇದ್ದದ್ದು ಒಂದೇ ಹುಚ್ಚು. ಹಳೆಯ ಕ್ಯಾಮೆರಾ, ಹಳೆಯ ಫಿಲ್ಮು. ಎಲ್ಲಿ ಯಾವ ಸ್ಟುಡಿಯೋ ಬಾಗಿಲು ಹಾಕಿದೆ ಎಂದು ಮೂಸಿಕೊಂಡು ಹೋಗಿ, ಉಳಿದ ಸಾಮಾನು ಕೊಂಡು ತರುವುದು. ಈ ದಿನವೂ ಹಾಗೆಯೇ ಬಂದಿದ್ದ. ಮೋಡ ಬರೆದ ಪರದೆ ಅರ್ಧ ಹರಿದು ಜೋತುಬಿದ್ದಿತ್ತು. ಗೋಡೆಗೋಡೆಗೆ ಹುಳಿ ವಾಸನೆ ಹಿಡಿದಿತ್ತು. ಒಳಗಿನ ಕತ್ತಲ ಕೋಣೆಯಲ್ಲಿ ಫ್ರಿಜ್ಜೊಂದು ಗೊರಕೆ ಹೊಡೆಯುವವರಂತೆ ಗುರುಗುಡುತ್ತಿತ್ತು. ಎರಡು ಲೆನ್ಸು, ಚಿತ್ರ ಹಿಗ್ಗಿಸುವ ಒಂದು ಎನ್‌ಲಾರ್ಜರ್, ಹನ್ನೆರಡು ರೀಲು ಆಗಲೇ ಅವನ ಪೆಟ್ಟಿಗೆ ಸೇರಿದ್ದವು. ಆದರೆ ಕಣ್ಣು ನೆಟ್ಟದ್ದು ಆ ಡಬ್ಬಿಯ ಮೇಲೆ. ನೂರಡಿ ಕಪ್ಪು-ಬಿಳುಪು ಫಿಲ್ಮು! ಅವಧಿ ಮುಗಿದು ಇಪ್ಪತ್ತು ವರ್ಷವಾದರೂ ತಂಪಿನಲ್ಲೇ ಮಲಗಿದ್ದ ಸರಕು. ಸುತ್ತ ಏಳು ಸುತ್ತು ಕಪ್ಪು ದಾರ, ದಾರದಡಿ ಮೇಣದಲ್ಲಿ ಒತ್ತಿದ ಕೂದಲಿನ ಎಳೆ.

"ಏನಜ್ಜೀ, ಒಳಗೆ ದೆವ್ವ ಕಟ್ಟಿಹಾಕಿದೀರಾ?"

"ದೆವ್ವ ಆಗಿದ್ರೆ ಎಷ್ಟೋ ವಾಸಿ ಇತ್ತು." ಅಜ್ಜಿ ನಗಲಿಲ್ಲ. "ನಮ್ಮೆಜಮಾನ್ರು ಒಂದು ಹುಡುಗಿ ಫೋಟೋನ ಅವಳನ್ನ ಕೇಳದೆ ಬೀದಿಗೆ ಕಾಣೋ ಹಾಗೆ ಗಾಜಿನ ಕಪಾಟಲ್ಲಿಟ್ರು. ಕಂಡಕಂಡವರೆಲ್ಲ ಬಾಯಿಗೆ ಬಂದ ಹಾಗೆ ಆಡ್ಕೊಂಡ್ರು. ಹುಡುಗಿ ಉಳೀಲಿಲ್ಲ. ಅವಳ ತಾಯಿ ಮಗಳ ಕೂದಲಿಟ್ಟು ಈ ಡಬ್ಬಿಗೆ ಮಾಟ ಮಾಡಿಸಿದ್ಲು."

"ಮಾಟ ಮಾಡಿಸಿದ್ಮೇಲೆ ಏನಾಯ್ತು?"

ಅಜ್ಜಿ ಗೋಡೆಯ ಕಡೆ ತಿರುಗಿದಳು. "ನಿನಗೆ ಬೇಕಾದವರನ್ನ ಇದರಲ್ಲಿ ಹಿಡೀಬೇಡ. ಅಷ್ಟೇ."

"ನೀವೇ ಬಿಚ್ಚಿ ಎಸೀಬಹುದಿತ್ತಲ್ಲ?"

"ಕೈ ಬರ್ಲಿಲ್ಲಪ್ಪ. ದಾರ ಸುತ್ತಿ ಮುಚ್ಚಿಟ್ಟೆ ಅಷ್ಟೆ. ನಾಳೆ ಬಿಚ್ಚೋಣ, ನಾಳೆ ಬಿಚ್ಚೋಣ ಅಂತಾನೇ ವಯಸ್ಸಾಗೋಯ್ತು."

"ಬಿಡಿ, ನಾನು ಬಿಚ್ತೀನಿ. ದೇವರಾಣೆ," ಎಂದ. ದೇವರ ಮೇಲೆ ಅವನಿಗೆ ನಂಬಿಕೆ ಇರಲಿಲ್ಲವಾದ್ದರಿಂದ ಆಣೆ ಸಲೀಸಾಗಿ ಬಂತು. ನಾವು ನಂಬಲಿ, ಬಿಡಲಿ, ಆಡಿದ ಮಾತನ್ನು ಕೇಳಿಸಿಕೊಳ್ಳುವವನು ಕೇಳಿಸಿಕೊಂಡೇ ಇರುತ್ತಾನೆ.

ಡಬ್ಬಿ ಬಿಸಿಲು ಕಾಣಲಿಲ್ಲ. ಫಿಲ್ಮಿನ ಹುಚ್ಚಿರುವವನಿಗೆ ನೂರಡಿ ಹಸಿ ಫಿಲ್ಮನ್ನು ಬಿಸಿಲಿಗೆ ಸುರಿ ಎನ್ನುವುದೂ ಹಸಿದವನಿಗೆ ತುತ್ತನ್ನು ಮಣ್ಣಿಗೆ ಹಾಕು ಎನ್ನುವುದೂ ಒಂದೇ. ಕತ್ತರಿಯಿಂದ ದಾರ ಕತ್ತರಿಸಿದ. ಕೂದಲನ್ನು ಕಸದ ಬುಟ್ಟಿಗೆ ಹಾಕಿದ. ಡಬ್ಬಿಗೆ ತಾರೀಕಿನ ಚೀಟಿ ಅಂಟಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮನೆಯ ಫ್ರಿಜ್ಜಿನ ತರಕಾರಿ ತಟ್ಟೆಯಲ್ಲಿಟ್ಟ.

"ಸೊಪ್ಪು ಎಲ್ಲಿಡಲಿ? ನಿಮ್ಮ ತಲೆ ಮೇಲಾ?" ಎಂದಳು ಹೆಂಡತಿ.

"ಸೊಪ್ಪು ದಿನಾ ಸಿಗತ್ತೆ ಕಣೇ. ಇದು ಸಿಗಲ್ಲ."

"ಹಾಗಾದ್ರೆ ರಾತ್ರಿಗೆ ಅದನ್ನೇ ಹುರಿದು ಬಡಿಸ್ತೀನಿ, ತಿನ್ನಿ."

"ಅಪ್ಪಂಗೆ ಉಪ್ಪು ಜಾಸ್ತಿ ಹಾಕಮ್ಮಾ!" ಎಂದು ಆರು ವರ್ಷದ ಗುಬ್ಬಿ ಕುರ್ಚಿಯ ಮೇಲೆ ನಿಂತು ಕುಣಿದಳು. ಮಗಳನ್ನು ಮನೆಯಲ್ಲಿ ಹಾಗೆಯೇ ಕರೆಯುತ್ತಿದ್ದರು. ಕೂಗೂ ಹಾಗೆಯೇ, ಹಾರಾಟವೂ ಹಾಗೆಯೇ. ಅವನ ಜೀವವೆಲ್ಲ ಆ ಹುಡುಗಿಯ ಮೇಲಿತ್ತು.

ಮಾರನೆಯ ದಿನ ಮಧ್ಯಾಹ್ನ ಡಬ್ಬಿಯನ್ನು ಹೊರಗಿಟ್ಟ. ತಂಪಿನಿಂದ ತೆಗೆದ ಫಿಲ್ಮು ಮೊದಲು ಬೆವರಿ ಆರಬೇಕು, ಇಲ್ಲದಿದ್ದರೆ ಒಳಗೆ ನೀರು ಕೂರುತ್ತದೆ. ಜೊತೆಗಿಟ್ಟ ರೀಲುಗಳೆಲ್ಲ ಬೆವರಿದವು. ಈ ಡಬ್ಬಿ ಬೆವರಲಿಲ್ಲ. ಮುಟ್ಟಿದರೆ ಮೈಯಷ್ಟು ಬೆಚ್ಚಗಿತ್ತು.

ನೂರಡಿಯನ್ನು ಸಣ್ಣ ಸುರುಳಿಗಳಾಗಿ ಕತ್ತರಿಸಿ ತುಂಬುವುದಕ್ಕೆ ಅವನಲ್ಲೊಂದು ಕಪ್ಪು ಚೀಲವಿತ್ತು. ಅಂಗಿಯಂತೆ ಎರಡು ತೋಳು. ತೋಳಿನ ಎಲಾಸ್ಟಿಕ್ಕು ಮೊಣಕೈಯನ್ನು ಬಿಗಿಯಾಗಿ ಹಿಡಿಯುತ್ತದೆ, ಒಳಗೆ ಕತ್ತಲು. ಹೊರಗೆ ಊಟದ ಮೇಜು, ಇಳಿಬಿಸಿಲು, ಬೀದಿಯಲ್ಲಿ ಹುಡುಗರ ಗಲಾಟೆ. ಆ ಚೀಲದಷ್ಟೇ ಅಗಲದ ಕತ್ತಲಿನಲ್ಲಿ ಅವನ ಎರಡು ಕೈ. ಮುಚ್ಚಳ ತೆರೆದ. ತೋಳಿನ ಸಂದಿನಿಂದ ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು. ಅಳೆದ, ಕತ್ತರಿಸಿದ, ಸುತ್ತಿದ. ಮೂರನೆಯ ಸುರುಳಿ ಸುತ್ತುತ್ತಿದ್ದಾಗ ಬೆರಳೊಂದು ಅವನ ಮಣಿಕಟ್ಟಿನ ಒಳಬದಿಯನ್ನು ಮೆಲ್ಲಗೆ ಸವರಿತು.

ಅದು ಅವನ ಬೆರಳಾಗಿರಲಿಲ್ಲ.

ಬೇರೆ ಯಾರಾದರೂ ಆ ಗಳಿಗೆಗೆ ಕೈ ಎಳೆದುಕೊಳ್ಳುತ್ತಿದ್ದರು. ಎಳೆದರೆ ಬೆಳಕು ನುಗ್ಗಿ ಇಡೀ ಫಿಲ್ಮು ಹಾಳು. ಅವನು ಎಳೆಯಲಿಲ್ಲ. ಹಲ್ಲು ಕಚ್ಚಿ ಸುತ್ತುತ್ತಲೇ ಇದ್ದ. ಸವರುತ್ತಿದ್ದದ್ದು ನಾಡಿ ಮಿಡಿಯುವ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಿತು, ಎಣಿಸುವಂತೆ. ಆಮೇಲೆ ಇಲ್ಲವಾಯಿತು. ಫಿಲ್ಮಿನ ತುದಿ ತಾಗಿರಬೇಕು ಎಂದುಕೊಂಡ. ಬೇಕಾದ ಹಾಗೆ ನಂಬುವುದನ್ನು ನಾಸ್ತಿಕನೂ ಬಲ್ಲ.

ಹಳೆಯ ಫಿಲ್ಮು ಎಷ್ಟು ಬೆಳಕು ಬೇಡುತ್ತದೆಂದು ಮೊದಲು ಪರೀಕ್ಷಿಸಬೇಕು. ಒಂದು ಸುರುಳಿ ಹಾಕಿಕೊಂಡು ಮನೆಯ ವಸ್ತುಗಳನ್ನೇ ತೆಗೆದ. ನೀರು ಕುಡಿಯುವ ಲೋಟ, ಅಡುಗೆಮನೆಯ ಸ್ಟೂಲು, ಗೋಡೆಯ ಗಡಿಯಾರ. ಗುರುವಾರ ತೊಳೆದು ನೋಡಿದರೆ ಒಂದೊಂದು ನೆಗೆಟಿವ್ವೂ ಕೊರೆದಿಟ್ಟಂತೆ ಬಂದಿತ್ತು. ಅದನ್ನು ಬಚ್ಚಲುಮನೆಯ ಕಿಟಕಿಗೆ ಒಣಗಲು ತೂಗುಹಾಕಿ, ಆ ಸಂಭ್ರಮದಲ್ಲಿ ಅಲ್ಲೇ ಮರೆತ.

ಶುಕ್ರವಾರ ಲೋಟ ಸಿಗಲಿಲ್ಲ. ಶನಿವಾರ ಅಡುಗೆಮನೆಗೆ ಹೋಗುವಾಗ ಏನೂ ಇಲ್ಲದ ನೆಲದ ಮೇಲೆ ಮೊಣಕಾಲಿಗೆ ಏನೋ ಬಡಿದು ಮುಗ್ಗರಿಸಿದ. "ಸ್ಟೂಲು ಅಲ್ಲೇ ಇದೆಯಲ್ಲಪ್ಪಾ!" ಎಂದು ಗುಬ್ಬಿ ಹೊಟ್ಟೆ ಹಿಡಿದು ನಕ್ಕಳು. ತಲೆ ಎತ್ತಿದರೆ ಗೋಡೆ ಬೋಳಾಗಿತ್ತು.

"ಗಡಿಯಾರ ಯಾಕೆ ತೆಗೆದೆ?"

"ಕಣ್ಣೇನು ಬಾಡಿಗೆಗೆ ಕೊಟ್ಟಿದೀರಾ? ಹತ್ತೂಕಾಲು ಆಗಿದೆ ನೋಡಿ," ಎಂದಳು ಹೆಂಡತಿ.

ಬೋಳು ಗೋಡೆ ಟಿಕ್ ಟಿಕ್ ಎನ್ನುತ್ತಿತ್ತು.

ಸೋಮವಾರ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡರಾಯಿತು ಎಂದು ಸಮಾಧಾನ ಹೇಳಿಕೊಂಡ. ಆ ಗೋಡೆಯ ಕಡೆ ಮತ್ತೆ ತಿರುಗಿ ನೋಡಲಿಲ್ಲ. ಅದೇ ಸಂಜೆ ಕಿಟಕಿಯಲ್ಲಿ ಬೆಳಕು ಚೆನ್ನಾಗಿತ್ತು, ಗುಬ್ಬಿ ಹೊಸ ಅಂಗಿ ತೊಟ್ಟಿದ್ದಳು. ಎರಡನೆಯ ಸುರುಳಿ ಪೂರ್ತಿ ಅವಳಿಗೇ ಮುಗಿಯಿತು.

ಭಾನುವಾರ ಹತ್ತೂವರೆಗೆ ಬಚ್ಚಲುಮನೆ ಸೇರಿ ಬಾಗಿಲು ಹಾಕಿಕೊಂಡ. ಮಗಳ ಸುರುಳಿ ಟ್ಯಾಂಕಿನೊಳಗಿತ್ತು, ಬೆಳಕು ನುಗ್ಗದ ಮುಚ್ಚಳದ ಕಪ್ಪು ಡಬ್ಬ ಅದು. ಚಿತ್ರ ಮೂಡಿಸುವ ಡೆವಲಪರ್ ಸುರಿದ. ಇದರಲ್ಲಿ ಒಂಬತ್ತು ನಿಮಿಷ, ಆಮೇಲೆ ಹೈಪೋ. ಹೈಪೋ ಬಿದ್ದಮೇಲೆ ಚಿತ್ರ ಗಟ್ಟಿ, ಬಿಸಿಲಿಗೂ ಜಗ್ಗದು. ನಿಮಿಷಕ್ಕೊಮ್ಮೆ ಟ್ಯಾಂಕು ಮಗುಚುತ್ತಾ, ಬಿಡುವಿನಲ್ಲಿ ಕಿಟಕಿಗೆ ತೂಗುಹಾಕಿದ್ದ ಹಳೆಯ ನೆಗೆಟಿವ್ ಹಿಡಿದು ನೋಡಿದ.

ಲೋಟ.

ಸ್ಟೂಲು.

ಗಡಿಯಾರ.

ಕಾಣದೆ ಹೋದದ್ದು ಈ ಮೂರೇ. ನೆಗೆಟಿವ್‌ನಲ್ಲಿ ಇರುವುದೂ ಈ ಮೂರೇ. ಮೂರನ್ನೂ ತೆಗೆದವನು ಅವನು. ತೊಳೆದವನು ಅವನು. ಕಾಣದಿರುವುದೂ ಅವನೊಬ್ಬನಿಗೇ.

ಕೈಯಲ್ಲಿದ್ದ ಟ್ಯಾಂಕು ಕಲ್ಲಿನಷ್ಟು ಭಾರವಾಯಿತು. ಐದು ನಿಮಿಷವಾಗಿತ್ತು. ಒದ್ದೆ ಬೆರಳಿನಲ್ಲಿ ಫೋನು ಒತ್ತಿದ.

"ಅಜ್ಜೀ..."

"ಬಿಚ್ಚಿದ್ಯಾ?"

"ಇಲ್ಲ. ತೊಳೀತಿದೀನಿ."

"ಯಾರದ್ದು?"

"ಮಗಳದ್ದು."

"ಹೈಪೋ ಹಾಕಿದ್ಯಾ?"

"ಇನ್ನೂ ಇಲ್ಲ."

"ಅವರು ನನ್ನ ಫೋಟೋ ಅದರಲ್ಲೇ ತೆಗೆದ್ರು ಮಗು. ಅವತ್ತಿಂದ ಹನ್ನೊಂದು ವರ್ಷ, ಸಾಯೋವರೆಗೂ, ನಾನು ಬಡಿಸಿದ್ದು ಉಂಡ್ರು. ನನ್ನ ಮಾತ್ರ ನೋಡ್ಲಿಲ್ಲ. ಪಕ್ಕದಲ್ಲೇ ಕೂತಿದ್ರೂ ಎಲ್ಲಿದೀಯ, ಎಲ್ಲಿದೀಯ ಅಂತ ಕೂಗೋರು. ಬಿಚ್ಚು! ಬಿಸಿಲಿಗೆ ಹಿಡಿ! ಈಗ್ಲೇ!"

ಬಾಗಿಲು ಬಡಿದ ಸದ್ದಾಯಿತು. "ಅಪ್ಪಾ, ನನ್ನ ಫೋಟೋ ಬಂತಾ?"

ಬಾಗಿಲು ತೆರೆದ. ಗುಬ್ಬಿ ನಿಂತಿದ್ದಳು. ಅವಳ ಹಿಂದಿನ ಗೋಡೆಯೂ ಕಾಣುತ್ತಿತ್ತು. ಅವಳ ಎದೆಯೊಳಗಿಂದ ಕಾಣುತ್ತಿತ್ತು. ಅಂಗಿಯ ಹೂವುಗಳು ನೀರಿಗೆ ಬಿದ್ದ ಬಣ್ಣದಂತೆ ಕದಡುತ್ತಿದ್ದವು.

"ಅಪ್ಪಾ?"

ಮುಚ್ಚಳ ತಿರುವಿದ. ತಿರುಗಲಿಲ್ಲ. ಒದ್ದೆ ಕೈ. ಜಾರಿತು. ಅಂಗಿಯಲ್ಲಿ ಒರೆಸಿಕೊಂಡ. ಮತ್ತೆ ತಿರುವಿದ. ಒಳಗಿನಿಂದ ಯಾರೋ ಮುಚ್ಚಳ ಹಿಡಿದಿದ್ದರು. ಹೌದು, ಹಿಡಿದಿದ್ದರು. ಅವನು ಬಲಕ್ಕೆ ತಿರುವಿದರೆ ಅದು ಎಡಕ್ಕೆ ಎಳೆಯುತ್ತಿತ್ತು. ಸುಟ್ಟ ಕೂದಲಿನ ವಾಸನೆ. ಬಾಗಿಲಲ್ಲಿ ಈಗ ಎರಡು ಕಾಲು. ಒಂದು ಕೈ. ಮತ್ತೇನೂ ಇಲ್ಲ. "ದೇವರೇ," ಎಂದ. ಈ ಸಲ ಆಣೆಯಾಗಿ ಅಲ್ಲ. ಟ್ಯಾಂಕನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಒಡೆಯಿತು. ಸುರುಳಿ ಹೊರಳಿತು. ಬಾಚಿ ಹಿಡಿದ. ಕಿಟಕಿಗೆ ಧಾವಿಸಿದ. ಎಳೆದ. ಬಿಸಿಲು. ಎಳೆದ. ಫಿಲ್ಮು ಕಪ್ಪಾಯಿತು. ಮೊಳ ಮೊಳ ಕಪ್ಪಾಯಿತು. ಒಳಸುತ್ತು ಸಿಕ್ಕಿಕೊಂಡಿತು. ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದ. ಬಾಯಲ್ಲಿ ಕಹಿ. ಬಂತು. ಕೊನೆಗೂ ಬಂತು.

ತಡವಾಗಿ ಬಂತು. ಒಳಸುತ್ತಿನಲ್ಲಿದ್ದದ್ದು ಮೊದಲ ಚಿತ್ರ. ತೀರಾ ಹತ್ತಿರದಿಂದ, ರೆಪ್ಪೆಯ ಕೂದಲು ಎಣಿಸುವಂತೆ ತೆಗೆದ ಮುಖ.

ಅವನು ತಿರುಗಿದ. ಗುಬ್ಬಿ ಬಾಗಿಲಲ್ಲಿ ನಿಂತಿದ್ದಳು. ಕಾಲು, ಕೈ, ಹೂವಿನ ಅಂಗಿ, ಎರಡು ಜಡೆ, ಎಲ್ಲ ಗಟ್ಟಿಯಾಗಿ ಮರಳಿದ್ದವು. ಜಡೆಗಳ ನಡುವೆ, ಬೈತಲೆಯಿಂದ ಗಲ್ಲದವರೆಗೆ, ಒದ್ದೆ ಬೆರಳಿನಿಂದ ಒರೆಸಿ ಅಳಿಸಿದಂಥ ಬಿಳಿಯ ಮಸುಕು.

"ಅಪ್ಪಾ, ಯಾಕೆ ಹಾಗೆ ನೋಡ್ತೀಯ?" ಎಂದಿತು ಆ ಮಸುಕು.

ಅದೇ ಮಧ್ಯಾಹ್ನ, ಸೂರ್ಯ ನೆತ್ತಿಗೆ ಬಂದಾಗ, ಉಳಿದ ಎಲ್ಲ ಸುರುಳಿಗಳನ್ನೂ ಡಬ್ಬಿಯನ್ನೂ ಅಂಗಳದಲ್ಲಿ ಬಿಚ್ಚಿ ಸುರಿದ. ಹಾವಿನ ಮರಿಗಳಂತೆ ಬಿಸಿಲಿಗೆ ಮುದುರಿದವು. ಲೋಟ, ಸ್ಟೂಲು, ಗಡಿಯಾರ ಮರಳಲಿಲ್ಲ. ಮುಖವೂ ಮರಳಲಿಲ್ಲ. ಹೆಂಡತಿಗೆ ಎಲ್ಲವನ್ನೂ ಹೇಳಿದ. ಅಂದಿನಿಂದ ಅವಳು ಊಟಕ್ಕೆ ಕೂತಾಗ ಅವನ ಕಿವಿಯಲ್ಲಿ ಮೆಲ್ಲಗೆ, "ನಗ್ತಿದಾಳೆ," "ಮುನಿಸ್ಕೊಂಡಿದಾಳೆ," ಎಂದು ಹೇಳತೊಡಗಿದಳು. ದಿನಕ್ಕೆರಡು ಹೊತ್ತು ಅವನು ದೇವರ ಮುಂದೆ ಕೂರತೊಡಗಿದ. ಕೇಳಿಕೊಳ್ಳುವುದಕ್ಕೆ ಬಾಯಿ ಬರುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದ.

ಮಕ್ಕಳಿಂದ ಏನನ್ನು ಮುಚ್ಚಿಡಲಾದೀತು? ಅಪ್ಪನ ನೋಟ ತನ್ನ ಕಣ್ಣಿಗೆ ತಾಗದೆ ಆಚೀಚೆ ತಡಕಾಡುವುದನ್ನು ಗುಬ್ಬಿ ಕೆಲವೇ ದಿನಗಳಲ್ಲಿ ಅರಿತಳು. ಒಂದು ಬೆಳಿಗ್ಗೆ, ಶಾಲೆಗೆ ಹೊರಡುವ ಮುಂಚೆ, ಬಂದು ಅವನ ತೊಡೆಯೇರಿ ಕೂತಳು. ಅವನ ಎರಡೂ ಕಿವಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಅಪ್ಪಾ, ನಾನೀಗ ನಗ್ತಾ ಇದೀನಿ."

"ಹೌದಾ ಪುಟ್ಟಿ?"

"ಹ್ಞೂಂ. ತುಂಬಾ ನಗ್ತಾ ಇದೀನಿ."

ಅವನು ಕೈ ಚಾಚಿ ಮಸುಕಿನೊಳಗೆ ತಡವಿದ. ಕೆನ್ನೆ ಒದ್ದೆಯಾಗಿತ್ತು.