ಮುಖತಕ್ಕಡಿ

ಬಲಗಡೆಯ ದವಡೆ ಎಡಗಡೆಯದಕ್ಕಿಂತ ದಪ್ಪವಾಗಿದೆ ಎಂದು ಜಯಶೀಲಳನ್ನು ಗಾರ್ಮೆಂಟ್ಸ್ ಗೇಟಿನಲ್ಲೇ ತಡೆದು ಮನೆಗೆ ಕಳಿಸಿದರು. ಆ ದಿನದ ಹಾಜರಿ ಹಾಕಲಿಲ್ಲ.

ತಡೆದದ್ದು ಮುಖತಕ್ಕಡಿ ಎಂಬ ಹೊಸ ಯಂತ್ರ. ಗೇಟಿನ ಚೌಕಟ್ಟಿನಲ್ಲಿ ಅದರ ಎರಡು ಗಾಜಿನ ಕಣ್ಣುಗಳಿದ್ದವು. ಎದುರು ನಿಂತವರ ಮೇಲೆ ಅವು ಕಾಣದ ಬೆಳಕಿನ ಬಲೆ ಬೀಸಿ, ಮೂಗಿನ ನೇರಕ್ಕೆ ಒಂದು ಗೆರೆ ಎಳೆದು ಮುಖವನ್ನು ಎರಡು ಹೋಳು ಮಾಡಿ, ಎಡದ ಹೋಳನ್ನು ಬಲದ ಹೋಳಿನ ಮೇಲೆ ಮಗುಚಿ, ಎಷ್ಟು ಹೊರಗೆ ಚಾಚಿಕೊಂಡಿದೆ ಎಂದು ಅಳೆಯುತ್ತಿದ್ದವು. ಹೊಂದಿಕೊಂಡರೆ ಹಸಿರು ದೀಪ, ಜೊತೆಗೆ ಹೆಣ್ಣಿನ ಇಂಪಾದ ದನಿ: “ತಾವು ಪ್ರಸನ್ನರಾಗಿದ್ದೀರಿ, ಒಳಗೆ ದಯಮಾಡಿಸಿ.” ಹೊಂದದಿದ್ದರೆ ಕೆಂಪು ದೀಪ. ಕೆಂಪಿಗೆ ದನಿ ಇರಲಿಲ್ಲ, ಅದಕ್ಕೆ ಸೆಕ್ಯೂರಿಟಿಯವನಿದ್ದ.

ಮೂರು ಸಲ ಕೆಂಪು ಹತ್ತಿದವರನ್ನು ಕೆಲಸದಿಂದಲೇ ತೆಗೆಯುತ್ತಿದ್ದರು. ಜಯಶೀಲಳಿಗೆ ಇದು ಎರಡನೆಯದು. ಮಂಡ್ಯದ ಕಡೆಯ ಆ ಹೆದ್ದಾರಿ ಬದಿಯಲ್ಲಿ ಅವಳಿಗೆ ಬೇರೆ ಗೇಟು ಇರಲಿಲ್ಲ, ಮನೆಯಲ್ಲಿ ದುಡಿಯುವ ಬೇರೆ ಕೈಯೂ ಇರಲಿಲ್ಲ. ಕಾಲರ್ ಹೊಲಿಯುವುದರಲ್ಲಿ ಅವಳದು ಪಳಗಿದ ಕೈ. ಆದರೆ ಕೈಯನ್ನು ತೂಗುವ ಯಂತ್ರವನ್ನು ಯಾರೂ ಕಂಡುಹಿಡಿದಿರಲಿಲ್ಲ.

ತಕ್ಕಡಿ ಬಂದದ್ದು ಹೀಗೆ. ಇಲ್ಲಿಂದ ಹಡಗು ಹತ್ತಿ ಹೋಗುವ ಅಂಗಿಗಳನ್ನು ತೊಡುವ ದೂರದೇಶದವರಿಗೆ ಒಮ್ಮೆ ಇದ್ದಕ್ಕಿದ್ದಂತೆ ಕರುಣೆ ಹುಟ್ಟಿತು. ನೊಂದವರು ಹೊಲಿದ ಅಂಗಿ ನಮ್ಮ ಮೈಗೆ ಬೇಡ ಎಂದರು. ಹೊಲಿದವರು ನೊಂದಿಲ್ಲ ಎನ್ನುವುದಕ್ಕೆ ಪುರಾವೆ ಏನು? ಬಾಯಿಮಾತನ್ನು ನಂಬುವಂತಿಲ್ಲ, ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿದ್ದರೆ ಎಲ್ಲರೂ ಸುಖಿಗಳೇ. ಆಗ ಸಿಕ್ಕಿದ್ದು ಡಾಕ್ಟರ್ ವಸುಧಾರಾ ಕಟ್ಟಿ ಎಂಬ ವಿಜ್ಞಾನಿಯ ಸಂಶೋಧನೆ.

ಸಿಟ್ಟನ್ನು ನುಂಗಿಕೊಳ್ಳುವವರು ಗೊತ್ತಿಲ್ಲದೆಯೇ ಹಲ್ಲು ಬಿಗಿಹಿಡಿಯುತ್ತಾರೆ. ಕೆನ್ನೆಯ ಹಿಂಬದಿಯಲ್ಲಿ, ಕಿವಿಯ ಕೆಳಗೆ, ದವಡೆಯನ್ನು ಮೇಲಕ್ಕೆ ಎಳೆದು ಕಚ್ಚಿಸುವ ಅಗಿಸ್ನಾಯು ಇದೆ. ದಿನವೂ ಬಿಗಿದರೆ ಅದು ಪೈಲ್ವಾನನ ತೋಳಿನಂತೆ ಉಬ್ಬುತ್ತದೆ. ಎರಡೂ ಕಡೆ ಸಮನಾಗಿ ಬಿಗಿಯುವವರು ಕಡಿಮೆ. ಹೀಗಾಗಿ ಬಿಗಿತ ಹೆಚ್ಚಿರುವ ಕಡೆಗೆ ಗದ್ದ ವಾಲುತ್ತದೆ, ತುಟಿಯ ಅಂಚು ಇಳಿಯುತ್ತದೆ, ಮುಖಸಮತೆ ಕೆಡುತ್ತದೆ. ಯಾರ ಮುಖವೂ ಪೂರ್ತಿ ಸಮವಾಗಿರುವುದಿಲ್ಲ, ನಿಜ. ಆದರೆ ಒಂದು ಕಾರ್ಖಾನೆಯ ಮುಖಗಳೆಲ್ಲ ವರ್ಷದಿಂದ ವರ್ಷಕ್ಕೆ ಸೊಟ್ಟಗಾಗುತ್ತಾ ಹೋದರೆ, ಆ ಕಾರ್ಖಾನೆ ತನ್ನವರನ್ನು ಹೇಗೆ ನಡೆಸಿಕೊಳ್ಳುತ್ತಿದೆ ಎಂದು ಹೇಳಬಹುದು ಎಂದು ಆಕೆ ತೋರಿಸಿದ್ದರು.

ಅದನ್ನು ಅಳೆಯಲೆಂದೇ ಆಕೆ ಮಾಡಿದ ತಕ್ಕಡಿ ಗೇಟಿಗೆ ಬಂದಾಗ ಕಂಪನಿಯ ಮುಂದೆ ಎರಡು ದಾರಿಗಳಿದ್ದವು. ಟಾರ್ಗೆಟ್ ಇಳಿಸುವುದು, ನೀರು ಕುಡಿಯಲು ಬಿಡುವುದು, ಬಾತ್‌ರೂಮಿಗೆ ಹೋದವರ ಹಿಂದೆ ಸೀಟಿ ಊದುವುದನ್ನು ನಿಲ್ಲಿಸುವುದು ಒಂದು. ಸೊಟ್ಟ ಮುಖದವರನ್ನು ಹೊರಗಿಡುವುದು ಇನ್ನೊಂದು. ಕಂಪನಿ ಬಹಳ ಯೋಚಿಸಿತು ಎಂದು ಹೇಳಲಾಗದು.

ಎರಡನೆಯ ಕೆಂಪು ಬಿದ್ದವರನ್ನು ಮುಖಸ್ವಾಸ್ಥ್ಯ ಕೊಠಡಿಗೆ ಕಳಿಸುತ್ತಿದ್ದರು. ಮೊದಲು ಅದು ಕೆಲಸದವರು ತಮ್ಮ ಕೂಸುಗಳನ್ನು ಬಿಡುವ ಕೋಣೆಯಾಗಿತ್ತು. ಗೋಡೆಯ ಮೇಲೆ ಆನೆ, ಮೊಲ ಇನ್ನೂ ಉಳಿದಿದ್ದವು, ಕೂಸುಗಳಿರಲಿಲ್ಲ. ಮಾರನೆಯ ಬೆಳಿಗ್ಗೆ ಆನೆಯ ಕೆಳಗೆ ಹಾಕಿದ್ದ ಕುರ್ಚಿಯಲ್ಲಿ ಜಯಶೀಲ ಕುಳಿತಳು. ತಕ್ಕಡಿಯ ಜೊತೆಗೇ ಕಂಪನಿ ಕರಾರಿನ ಮೇಲೆ ಕರೆಸಿಕೊಂಡಿದ್ದ ಕಟ್ಟಿಯವರು ಧಾರವಾಡದ ಕಡೆಯವರು, ಮೆದುಮಾತಿನವರು. ಅವಳ ದವಡೆಯ ಗಂಟನ್ನು ಬೆರಳಿನಿಂದ ಒತ್ತಿ ನೋಡಿ, ಯಾವ ಕಡೆ ಹೆಚ್ಚು ಅಗಿಯುತ್ತೀರಿ ಎಂದು ಕೇಳಿದರು. ಊಟ ಯಾವ ಕಡೆಯಾದರೂ ಸರಿ, ದಾರ ಮಾತ್ರ ಬಲಗಡೆ ಎಂದಳು ಜಯಶೀಲ.

“ದಾರ ಅಂದ್ರ?”

“ಕಾಲರ್ ಹೊಲ್ದ್ ಮೇಲೆ ತುದಿ ದಾರ ಕಚ್ಚಿ ಕಿತ್ತಾಕ್ಬೇಕಲ್ಲ ಡಾಕ್ಟ್ರಮ್ಮ. ಎಡಗಡೆ ಹಲ್ಲು ಎರ್ಡು ಹೋಗವೆ. ಅದ್ಕೆ ಎಲ್ಲಾ ಬಲಗಡೆನೇ.”

ಲೈನಿನಲ್ಲಿ ಹಿಂದೆ ಪ್ರತಿ ಮಿಷಿನ್ನಿಗೂ ಒಂದು ಪುಟ್ಟ ಕತ್ತರಿ ಇತ್ತು. ಕತ್ತರಿ ಎತ್ತಿ, ದಾರ ತುಂಡರಿಸಿ, ಕೆಳಗಿಡುವ ಹೊತ್ತಿನಲ್ಲಿ ಇನ್ನೊಂದು ಕಾಲರಿಗೆ ಕೈ ಹಾಕಬಹುದು ಎಂದು ಯಾರೋ ಓದಿದವರು ಲೆಕ್ಕ ಹಾಕಿ ಹೇಳಿದ ಮೇಲೆ ಅವನ್ನು ವಾಪಸು ತೆಗೆದುಕೊಂಡಿದ್ದರು. ಹಲ್ಲನ್ನು ಎತ್ತುವ ಹಾಗೂ ಇಲ್ಲ, ಇಡುವ ಹಾಗೂ ಇಲ್ಲ. ಅದು ಬಾಯಿಯಲ್ಲೇ ಇರುತ್ತದೆ, ಸಾಣೆಯ ಖರ್ಚೂ ಇಲ್ಲ.

ಹಾಗಿದ್ದರೆ ಕತ್ತರಿ ಬೇಕು ಎಂದು ಕೇಳಬಾರದೇ ಎಂದರು ಕಟ್ಟಿ.

“ಕೇಳ್ಮ ಅಂತ ಬಾಯಿವರ್ಗೂ ಬತ್ತದೆ. ಅಷ್ಟ್ರಲ್ಲಿ ಕಾಂತರಾಜಣ್ಣ ಬತ್ತಾರೆ. ಹಲ್ಲು ಕೂಡ್ಕಂಡ್ಬುಡ್ತವೆ.”

ಕಾಂತರಾಜು ಲೈನಿನ ಸೂಪರ್‌ವೈಸರ್. ಒಬ್ಬ ಹೆಂಗಸಿನ ತಾಯಿ, ಗಂಡ, ಊರು ಮೂರನ್ನೂ ಒಂದೇ ಉಸಿರಿನಲ್ಲಿ ಬೈದು ಮುಗಿಸುವ ವಿದ್ಯೆ ಅವನಿಗೆ ಒಲಿದಿತ್ತು. ಅವನು ಬಾಯಿ ತೆರೆದರೆ ಇಡೀ ಲೈನಿನ ಬಾಯಿ ಮುಚ್ಚುತ್ತಿತ್ತು.

ಕಟ್ಟಿಯವರು ಒಂದು ತೆಳುವಾದ ಪಟ್ಟಿಯನ್ನು ತೋರಿಸಿದರು. ಹೂವಿನ ಎಸಳಿನಷ್ಟು ಹಗುರ. ಹೆಸರು ದವಡೆಸಡಿಲಕ. ಕಿವಿಯ ಹಿಂದೆ ಅಂಟಿಸಿದರೆ ಅದು ಅಗಿಸ್ನಾಯುವಿನ ಬಿಗಿತವನ್ನು ಸದಾ ಕಾಯುತ್ತದೆ. ಅನ್ನ, ಮುದ್ದೆಗೆ ಬೇಕಾದಷ್ಟು ಬಿಗಿತಕ್ಕೆ ಅದರ ಅಡ್ಡಿಯಿಲ್ಲ, ಅದನ್ನು ಮೀರಿದ ಕೂಡಲೇ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಸ್ನಾಯುವನ್ನು ಸಡಿಲ ಬಿಡಿಸುತ್ತದೆ. ಕೆಲವು ತಿಂಗಳಲ್ಲಿ ಉಬ್ಬು ಕರಗಿ ಮುಖ ನೆಟ್ಟಗಾಗುತ್ತದೆ, ಅಲ್ಲಿಯವರೆಗೆ ಗೇಟಿನಿಂದ ವಿನಾಯಿತಿ ಎಂದು ವಿವರಿಸಿದರು.

ಜಯಶೀಲ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಇದ್ನ ಕಾಂತರಾಜಣ್ಣನ ಬಾಯ್ಗೆ ಅಂಟ್ಸುದ್ರೆ ಆಗಕಿಲ್ವಾ? ನಮ್ಮೆಲ್ರ ದವ್ಡೆನೂ ಒಂದೇ ದಿನಕ್ಕೆ ನೆಟ್ಗಾಯ್ತವೆ.”

ಕಟ್ಟಿ ನಕ್ಕರು. ನಗು ಅರ್ಧದಲ್ಲೇ ನಿಂತಿತು. “ನೋಡ್ರಿ, ನಾ ತಕ್ಕಡಿ ಮಾಡಿದ್ದು ಕಾರ್ಖಾನಿ ತೂಗಾಕ. ಇವರು ನಿಮ್ಮನ್ನ ತೂಗಾಕ ಹತ್ಯಾರ.”

“ಗೊತ್ತಿದ್ದೂ ಸುಮ್ಕಿದ್ದೀರಾ?”

“ಮುಖ ಅಷ್ಟ ನನ್ನ ಕೆಲಸರಿ. ಉಳಿದದ್ದು ಕರಾರಿನಾಗ ಇಲ್ಲ.”

ಹಾಗೆ ಹೇಳುವಾಗ ಆಕೆಯ ಕೆನ್ನೆಯ ಹಿಂಬದಿಯಲ್ಲಿ ಒಂದು ಗಂಟು ಎದ್ದು ಅಡಗಿತು. ಜಯಶೀಲ ಅದನ್ನು ನೋಡಿದಳು. ಏನೋ ಹೇಳಬೇಕೆನಿಸಿತು, ಅವಳ ಹಲ್ಲೂ ಕೂಡಿಕೊಂಡಿತು.

ಪಟ್ಟಿ ಕೆಲಸ ಮಾಡಿತು. ಒಬ್ಬರಾದ ಮೇಲೆ ಒಬ್ಬರಂತೆ ಇಡೀ ಲೈನಿಗೆ ಅಂಟಿಸಿದರು. ಮೊದಲು ಹೋದದ್ದು ತಲೆನೋವು, ಆಮೇಲೆ ಕಿವಿಯ ಸೆಳೆತ. ಗದ್ದಗಳು ನಡುವಿಗೆ ಬಂದವು, ಇಳಿದ ತುಟಿಗಳು ಎದ್ದವು. ಜಯಶೀಲಳ ಮಗಳು ಒಂದು ದಿನ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಅಪ್ಪನ ಜೊತೆ ಮದುವೆ ಫೋಟೋದಲ್ಲಿರುವ ಹೆಂಗಸು ಇವಳೇ ಎಂದು ಈಗ ಗೊತ್ತಾಯಿತು ಎಂದಳು. ಗೇಟಿನಲ್ಲಿ ದಿನವೂ ಹಸಿರು. ಆಡಳಿತದವರು ಅವಳ ಮುಖವನ್ನು ದೊಡ್ಡದು ಮಾಡಿ ಗೋಡೆಗೆ ಅಂಟಿಸಿದರು. ನೊಂದವರು ಹೊಲಿಯದ ಅಂಗಿ ಎಂಬ ಪ್ರಸನ್ನಮುದ್ರೆ ಕೊಡಲು ದೂರದೇಶದವರು ಬರುವ ದಿನವೂ ಗೊತ್ತಾಯಿತು.

ಒಂದೇ ತೊಡಕು. ದಾರ ಕಡಿಯಲು ಆಗುತ್ತಿರಲಿಲ್ಲ. ಕಚ್ಚುವಷ್ಟರಲ್ಲಿ ಪಟ್ಟಿ ದವಡೆಯನ್ನು ಸಡಿಲಿಸಿಬಿಡುತ್ತಿತ್ತು. ಕಾಲರುಗಳಿಂದ ದಾರದ ತುದಿಗಳು ಜೋಲತೊಡಗಿದವು. ಅತಿಥಿಗಳು ಬಂದು ಹೋಗುವವರೆಗೆ ಉಗುರಿನಲ್ಲೇ ಕಿತ್ತು ಸುಧಾರಿಸಿಕೊಳ್ಳಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ಕತ್ತರಿಯ ಮಾತನ್ನು ಯಾರೂ ಎತ್ತಲಿಲ್ಲ.

ಎರಡನೆಯ ತೊಡಕನ್ನು ಕಟ್ಟಿಯವರೂ ಕಂಡಿರಲಿಲ್ಲ. ಪಕ್ಕದ ಮಿಷಿನ್ನಿನ ಮಾದೇವಿಯ ಕಾಲರಿನಲ್ಲಿ ದಾರ ಜೋಲುವುದನ್ನು ಕಂಡ ಕಾಂತರಾಜು ಒಂದು ಬೆಳಿಗ್ಗೆ ಆ ಕಾಲರನ್ನು ಅವಳ ಮುಖಕ್ಕೇ ಎಸೆದು, ಅವಳ ತಾಯಿಯಿಂದ ಶುರು ಮಾಡಿದ. ಇಡೀ ಲೈನಿನ ದವಡೆಗಳು ವರ್ಷಗಳಿಂದ ಮಾಡಿಕೊಂಡು ಬಂದದ್ದನ್ನೇ ಮಾಡಹೋದವು. ಪಟ್ಟಿಗಳು ಮಿಡಿದವು. ದವಡೆಗಳು ಸಡಿಲಗೊಂಡವು. ಬಾಯಿಗಳು ತೆರೆದುಕೊಂಡವು. ಹಾಗೆ ತೆರೆದ ಬಾಯನ್ನು ಖಾಲಿ ಇಟ್ಟುಕೊಂಡು ಕೂರುವುದು ಕಷ್ಟ.

“ಅಂಗೆ ಮಕಕ್ಕೆ ಎಸೀಬ್ಯಾಡಿ ಅಣ್ಣ,” ಎಂದಿತು ಒಂದು ದನಿ.

ಅದು ತನ್ನದೇ ಎಂದು ಜಯಶೀಲಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಕಾಂತರಾಜು ತಿರುಗುವಷ್ಟರಲ್ಲಿ ಹಿಂದಿನ ಸಾಲಿನಿಂದ, ಅವಳವ್ವನ ವಿಷಯ ನಿಮಗ್ಯಾಕೆ ಎಂದು ಇನ್ನೊಂದು ಮಾತು ಬಂತು. ಆಮೇಲೆ ನೀರಿನ ಮಾತು, ಸೀಟಿಯ ಮಾತು, ಕೂಸುಗಳ ಕೋಣೆಯ ಮಾತು. ಯಾರೂ ಕೂಗಾಡಲಿಲ್ಲ. ಹಲ್ಲಿನ ಹಿಂದೆ ಬಹಳ ಕಾಲ ಕಾದಿದ್ದ ಮಾತುಗಳು ಒಂದೊಂದಾಗಿ ಹೊರಗೆ ಬಂದು ನಿಂತವು.

ದೂರದೇಶದವರ ಮುಂದೆ ಮಿಷಿನ್ನುಗಳು ಖಾಲಿ ಕಾಣಬಾರದೆಂದು ಯಾರನ್ನೂ ಗೇಟಿಗೆ ಕಳಿಸಲಿಲ್ಲ; ಅವರು ಬಂದದ್ದು ಅದೇ ವಾರ. ಭಾಷೆ ಬದಲಿಸುವ ಗುಂಡಿಗಳನ್ನು ಕಿವಿಗೆ ಇಟ್ಟುಕೊಂಡು ಸಾಲಿನುದ್ದಕ್ಕೂ ನಡೆದು, ನೀವು ಸುಖವಾಗಿದ್ದೀರಾ ಎಂದು ಕೇಳಿದರು. ಹೌದು ಎನ್ನಬೇಕೆಂದು ಎಲ್ಲರಿಗೂ ಕಲಿಸಲಾಗಿತ್ತು. ಇಲ್ಲ ಎಂದಳು ಮಾದೇವಿ. ಬೆಳಿಗ್ಗೆಯಿಂದ ನೀರು ಕುಡಿದಿಲ್ಲ, ಕುಡಿದರೆ ಬಾತ್‌ರೂಮಿಗೆ ಏಳಬೇಕಾಗುತ್ತದೆ ಎಂದಳು. ಎಷ್ಟು ಸಮವಾದ ಮುಖ, ಎಷ್ಟು ನೆಟ್ಟಗಿನ ತುಟಿ. ಕೈಯಲ್ಲಿ ಹಿಡಿದ ಪುಟ್ಟ ತಕ್ಕಡಿಯನ್ನು ಅತಿಥಿಗಳು ಅವಳತ್ತ ತಿರುಗಿಸಿದರು. ಹಸಿರು ಹತ್ತಿ, “ತಾವು ಪ್ರಸನ್ನರಾಗಿದ್ದೀರಿ” ಎಂದಿತು. ಅವರು ಒಂದು ಗಳಿಗೆ ಅವಳ ಬಾಯನ್ನೂ ಹಸಿರು ದೀಪವನ್ನೂ ನೋಡಿ, ಎರಡರಲ್ಲಿ ನಿಖರವಾದದ್ದು ಯಂತ್ರ ಎಂದು ತೀರ್ಮಾನಿಸಿದರು. ಮುದ್ರೆ ದಕ್ಕಿತು. ಸಂಜೆ ಲಾಡು ಹಂಚಿದರು. ಸಡಿಲ ದವಡೆಗೆ ಅದು ಹಿತವಾಗಿತ್ತು.

ಮುದ್ರೆ ಕೈಗೆ ಬಂದ ಮೇಲೆ ತಕ್ಕಡಿಯಿಂದ ಏನು ಕೆಲಸ? ಅದಕ್ಕೆ ಬಟ್ಟೆ ಹೊದಿಸಿದರು. ಪಟ್ಟಿಗಳನ್ನು ಅಂದೇ ಕಿತ್ತು ಕೊಡಬೇಕೆಂದು ಹೇಳಿಕಳಿಸಿದರು. ಕಟ್ಟಿಯವರು ಮೇಲಿನವರ ಬಳಿ ಹೋಗಿ, ಇಷ್ಟು ಕಾಲ ಬಿಗಿಯದ ಸ್ನಾಯು ಬಿಗಿಯುವ ಚಾಳಿಯನ್ನೇ ಮರೆತಿರುತ್ತದೆ, ಪಟ್ಟಿ ಕಿತ್ತ ಮಾತ್ರಕ್ಕೆ ಮೊದಲಿನಂತಾಗುವುದು ಖಾತ್ರಿಯಿಲ್ಲ ಎಂದರಂತೆ. ಮುಖ ನಿಮ್ಮ ಕೆಲಸ, ಬಾಯಿ ನಮ್ಮದು ಎಂದು ಅವರನ್ನು ಕಳಿಸಿದರಂತೆ. ಆಕೆ ಬಂದು ಲೈನಿನ ಬಾಗಿಲಲ್ಲಿ ನಿಂತಿದ್ದರು.

ಕಾಂತರಾಜು ಅಂಗಿಗುಂಡಿಗಳ ಖಾಲಿ ಡಬ್ಬ ಹಿಡಿದು ಸಾಲಿನುದ್ದಕ್ಕೂ ಬಂದ. ಮಾದೇವಿ ಪಟ್ಟಿ ಕಿತ್ತು ಹಾಕಿದಳು. ಜಯಶೀಲಳೂ ಕಿತ್ತು ಹಾಕಿದಳು. ಅವಳ ಕಿವಿಯ ಹಿಂದೆ ತಣ್ಣಗೆ ಗಾಳಿ ತಾಕಿತು. ಅವನು ಅವಳ ಮಿಷಿನ್ ಮೇಲಿದ್ದ ಕಾಲರೊಂದನ್ನು ಎತ್ತಿ, ಜೋಲುತ್ತಿದ್ದ ದಾರವನ್ನು ಅವಳ ಬಾಯಿಯ ಹತ್ತಿರ ತಂದ.

“ಮಾತಾಡಿದ್ದು ಸಾಕು. ಇವತ್ತಿಂದ ಮೊದ್ಲಿನ್ ಥರ. ಕಚ್ಚು, ಬಾಯ್ ಮುಚ್ಕೊಂಡ್ ಹೊಲಿ. ಆಗಲ್ಲ ಅಂದ್ರೆ ಗೇಟು ಅಲ್ಲೈತೆ.”

ಮಿಷಿನ್ನುಗಳು ಒಂದೊಂದಾಗಿ ನಿಂತವು. ಬಟ್ಟೆ ಹೊದ್ದ ತಕ್ಕಡಿಯೂ ಅದರಾಚೆಯ ಹೆದ್ದಾರಿಯೂ ಜಯಶೀಲಳಿಗೆ ಕಾಣುತ್ತಿದ್ದವು. ಮಗಳ ಮುಖವೂ ಕಣ್ಣ ಮುಂದೆ ಬಂತು. ಹೊಟ್ಟೆಯಿಂದ ಸಿಟ್ಟು ಎದ್ದು, ಗಂಟಲು ದಾಟಿ, ಹಳೆಯ ದಾರಿಯಲ್ಲೇ ದವಡೆಯವರೆಗೆ ಬಂತು. ಹಲ್ಲು ಕೂಡುವುದನ್ನು ಅವಳೇ ಕಾದಳು.

ಕೂಡಲಿಲ್ಲ.

ಅವಳು ಅವನ ಕೈಯಿಂದ ಕಾಲರನ್ನು ತೆಗೆದುಕೊಂಡು, ದಾರ ಜೋಲುತ್ತಿರುವಂತೆಯೇ ಮಿಷಿನ್ ಮೇಲೆ ಇಟ್ಟಳು.

“ಕತ್ತರಿ ತಕಂಬನ್ನಿ ಅಣ್ಣ,” ಎಂದಳು. “ನಾನ್ ಕಚ್ಚಕಿಲ್ಲ.”