ಸ್ನೇಹಲ್ ಬದಲಿಸಿದ ಗಮ್

“ಹತ್ತೋದಿದ್ರ ಹತ್ರಿ, ಇಲ್ಲಾಂದ್ರ ನಡಕೊಂತ ಹೋಗ್ರಿ,” ಎಂದ ಅಪ್ಪ.

ಅಪ್ಪ ಬಾಡಿಗೆಗೆ ಓಡಿಸುವ ಟಂಟಂ ಆಟೋದ ಹಿಂದಿನ ಸೀಟಿನಲ್ಲಿದ್ದ ಸ್ನೇಹಲ್ ಬೆಚ್ಚಿದಳು. ಅಪ್ಪ ಹಾಗೆ ಅಂದದ್ದು ವಜೀರಬಿ ಖಾಲಾಗೆ. ಪ್ರತಿ ಭಾನುವಾರ ಬಳೆಬುಟ್ಟಿ ಹೊತ್ತು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ, ಅವರದೇ ಓಣಿಯ ಮುದುಕಿ ಅವಳು. ಬೇರೆ ದಿನವಾದರೆ ಅಪ್ಪನೇ ಇಳಿದು ಬುಟ್ಟಿ ಎತ್ತಿ ಇಡುತ್ತಿದ್ದ. ಇವತ್ತು ಹಾರ್ನ್ ಮೇಲಿನ ಕೈಯನ್ನೂ ತೆಗೆಯಲಿಲ್ಲ.

ಖಾಲಾ ಕಷ್ಟಪಟ್ಟು ಹತ್ತಿ ಸ್ನೇಹಲ್ ಪಕ್ಕದಲ್ಲಿ ಕೂತಳು. “ಏನಾಗ್ಯಾದವ್ವ ನಿಮ್ಮಪ್ಪಗ?” ಎಂದು ಮೆಲ್ಲಗೆ ಕೇಳಿದಳು.

ಸ್ನೇಹಲ್ ಗೊತ್ತಿಲ್ಲ ಎಂದು ತಲೆಯಾಡಿಸಿದಳು. ಗೊತ್ತಿತ್ತು. ಮಾಡಿದ್ದೇ ಅವಳು.

ಅಪ್ಪ ಗುರುಲಿಂಗ ಬೀಡಿ ಬಿಟ್ಟು ಹನ್ನೊಂದು ದಿನವಾಗಿತ್ತು. ಸರಕಾರಿ ದವಾಖಾನೆಯ ಡಾಕ್ಟರ್ ಅವನಿಗೆ ಒಂದು ಗಮ್ ಬರೆದುಕೊಟ್ಟಿದ್ದರು. ಬೀಡಿ ಬೇಕೆನಿಸಿದಾಗ ಒಂದು ಬಾಯಿಗೆ ಹಾಕಿಕೊಳ್ಳಬೇಕು. ನಿಧಾನ ಅಗಿಯಬೇಕು, ಬಾಯಿ ಚುರುಗುಟ್ಟಿದಾಗ ಗಲ್ಲದ ಮೂಲೆಗೆ ಒತ್ತಿ ಸುಮ್ಮನಿರಬೇಕು, ಚುರುಚುರು ನಿಂತ ಮೇಲೆ ಮತ್ತೆ ಅಗಿಯಬೇಕು. ದಿನಾ ಬೆಳಿಗ್ಗೆ ಅಪ್ಪ ಆರು ಗಮ್ ಬಿಚ್ಚಿ, ಮೊದಲು ಬೀಡಿ ಇಡುತ್ತಿದ್ದ ಡಬ್ಬಿಯಲ್ಲೇ ತುಂಬಿಕೊಂಡು ಹೊರಡುತ್ತಿದ್ದ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಕೆಡಿಸಿದ್ದು ಸ್ನೇಹಲ್‌ಳ ಭಾಷಣ. ಶಾಲೆಯಲ್ಲಿ ಅವಳು ಒಂದು ಪೋಸ್ಟರ್ ನೋಡಿ ಬಾಯಿಪಾಠ ಮಾಡಿ, “ನಿಕೋಟಿನ್ ಎಂಬುದು ಘೋರ ವಿಷ” ಎಂದು ಕೈ ಬೀಸಿ ಹೇಳಿ ಮೊದಲ ಬಹುಮಾನ ಗೆದ್ದಿದ್ದಳು. ನಿನ್ನೆ ಸಂಜೆ ಅಪ್ಪನ ಗಮ್ ಪಾಕೀಟಿನ ಮೇಲಿನ ಚೀಟಿ ಓದಿದರೆ ಅಲ್ಲೂ ಅದೇ ಹೆಸರು, ನಿಕೋಟಿನ್.

ಡಾಕ್ಟರ್ ಓದಿದ್ದು ವರ್ಷಗಟ್ಟಲೆ. ಸ್ನೇಹಲ್ ಓದಿದ್ದು ಒಂದು ಪೋಸ್ಟರ್. ಆದರೂ ತಪ್ಪು ಡಾಕ್ಟರದ್ದೇ ಎಂದು ಅವಳು ಒಂದೇ ನಿಮಿಷದಲ್ಲಿ ತೀರ್ಪು ಕೊಟ್ಟುಬಿಟ್ಟಳು.

ಇವತ್ತು ಬೆಳಿಗ್ಗೆ ಅಪ್ಪ ಟಂಟಂ ತೊಳೆಯುವಾಗ ಡಬ್ಬಿಯ ಗಮ್ ತೆಗೆದು ಕಾಗದದಲ್ಲಿ ಕಟ್ಟಿ ಫ್ರಾಕಿನ ಜೇಬಿಗೆ ಹಾಕಿಕೊಂಡಳು. ಡಬ್ಬಿಯಲ್ಲಿ ಅಂಗಡಿಯ ಬಿಳಿ ಚ್ಯೂಯಿಂಗ್ ಗಮ್ ಆರು ಇಟ್ಟಳು. ಬಸವಕಲ್ಯಾಣದ ಅಜ್ಜಿ ಮನೆಗೆ ಹೇಗೂ ಅಪ್ಪನ ಜೊತೆ ಹೋಗುವುದಿತ್ತು. ಅಲ್ಲಿ ತ್ರಿಪುರಾಂತ ಕೆರೆಗೆ ವಿಷ ಎಸೆದು ಅಪ್ಪನ ಜೀವ ಉಳಿಸುವುದು ಅವಳ ಪ್ಲಾನ್. ಮನಸ್ಸಿನಲ್ಲಿ ತನಗೆ ತಾನೇ ಶಾಲು ಹೊದಿಸಿಕೊಂಡೂ ಆಗಿತ್ತು. ಕೆರೆಯ ಮೀನುಗಳ ಯೋಚನೆ ಮಾತ್ರ ಬಂದಿರಲಿಲ್ಲ.

ಈಗ ಟಂಟಂ ಹೈವೇಗೆ ಬಂದಿತ್ತು. ಅಪ್ಪ ಒಂದರ ಹಿಂದೆ ಒಂದು ನಾಲ್ಕು ಗಮ್ ಬಾಯಿಗೆ ಹಾಕಿಕೊಂಡ. ಲಾರಿಯವನನ್ನು ಬೈದ. ದಾಟುತ್ತಿದ್ದ ಎಮ್ಮೆಯನ್ನು ಬೈದ. ಕೊನೆಗೆ ರಸ್ತೆಯ ಹಂಪ್‌ಗೂ ಬೈಗುಳ ಬಿತ್ತು.

ಒಂದು ಪಾನ್ ಅಂಗಡಿ ಬಂತು. ಟಂಟಂ ನಿಂತಿತು. ಅಪ್ಪ ಇಳಿದು ಹೋದ.

ಸ್ನೇಹಲ್ ಬಗ್ಗಿ ನೋಡಿದಳು. ಅಪ್ಪ ಟಂಟಂನ ಹಿಂದೆ ಬಂದು ನಿಂತಿದ್ದ. ಕೈಯಲ್ಲಿ ಬೀಡಿ ಹೊತ್ತಿತ್ತು. ಅವಳು ಇಳಿದು ಹತ್ತಿರ ಬಂದದ್ದನ್ನು ನೋಡಿ ಮುಖ ತಿರುಗಿಸಿದ.

“ನನ್ನ ಕೈಲೆ ಆಗಂಗಿಲ್ಲವ್ವ,” ಎಂದ. “ಡಾಕ್ಟರ್ ಔಷಧನೂ ನನಗ ಹತ್ತವಲ್ದು. ಹನ್ನೊಂದು ದಿನ ಸುಮ್ನ ನಾಟಕ ಮಾಡ್ದಂಗಾತು.”

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಪ್ಪ ನಾಳೆಯಿಂದ ಡಬ್ಬಿ ಮುಟ್ಟುವುದಿಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು. ಸ್ಟೇಜಿನ ಮೇಲೆ ಉಸಿರು ತೆಗೆದುಕೊಳ್ಳದೆ ಮಾತಾಡಿದ್ದ ಹುಡುಗಿಗೆ ಈಗ ಒಂದು ವಾಕ್ಯ ಹೊರಡಲು ಎಷ್ಟೋ ಹೊತ್ತಾಯಿತು. ಜೇಬಿನಿಂದ ಪೊಟ್ಟಣ ತೆಗೆದು ಮುಂದೆ ಹಿಡಿದಳು.

“ನಿನ್ನ ಗಮ್ ಇಲ್ಲಿ ಅದಾವ ಅಪ್ಪ. ಡಬ್ಬ್ಯಾಗ ಇದ್ದದ್ದು ಅಂಗಡಿ ಗಮ್. ನಾನ ಬದ್ಲಿ ಮಾಡೀನಿ.”

ಅಪ್ಪ ಪೊಟ್ಟಣ ನೋಡಿದ. ಅವಳನ್ನು ನೋಡಿದ. ಏಟು ಬೀಳಬಹುದೆಂದು ಸ್ನೇಹಲ್ ಕಣ್ಣು ಮುಚ್ಚಿಕೊಂಡಳು.

“ಅಂದ್ರ ಮುಂಜಾನಿಂದ ನಾ ಬರೇ ಸಕ್ರಿ ಅಗಿಯಾಕತ್ತೀನೇನು?”

ಅವಳು ಹೌದೆಂದು ತಲೆಯಾಡಿಸಿದಳು. ಅಪ್ಪ ಬೀಡಿ ಕೆಳಗೆ ಹಾಕಿ ಚಪ್ಪಲಿಯಿಂದ ತಿಕ್ಕಿದ. ಸಿಟ್ಟು ಬಂದಿತ್ತು, ಹುಬ್ಬು ಗಂಟಾಗಿತ್ತು. ಆದರೆ ಅದರ ಕೆಳಗೆ ಒಂದು ನಗುವೂ ದಾರಿ ಹುಡುಕುತ್ತಿತ್ತು.

“ಅದರಾಗ ನಿಕೋಟಿನ್ ಅದ ಅಪ್ಪ. ಅದು ವಿಷ,” ಎಂದಳು ಸ್ನೇಹಲ್. ಭಾಷಣದ ಜೋರು ದನಿ ಅದರಲ್ಲಿ ಇರಲಿಲ್ಲ.

ಅದು ಇರುವುದು ತನಗೂ ಗೊತ್ತು ಎಂದ ಅಪ್ಪ. ಅದಕ್ಕೇ ಮಕ್ಕಳ ಕೈಗೆ ಸಿಗಬಾರದು ಎಂದು ಡಾಕ್ಟರ್ ಎರಡು ಸಲ ಹೇಳಿದ್ದರು. ಆದರೆ ಬೀಡಿಯ ಹೊಗೆಯಾಗಲಿ, ಹೊಗೆಯ ಹೊಲಸಾಗಲಿ ಇದರಲ್ಲಿ ಇಲ್ಲ. ಮೈಗೆ ರೂಢಿಯಾದದ್ದನ್ನು ಸ್ವಲ್ಪ ಸ್ವಲ್ಪ ಕೊಡುತ್ತಾ, ಮುಂದೆ ಅದನ್ನೂ ಕಮ್ಮಿ ಮಾಡಿ ಬಿಡಿಸುತ್ತಾರಂತೆ.

ಒಳಗಿಂದ ವಜೀರಬಿ ಖಾಲಾಳ ದನಿ ಬಂತು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಕೂಸಿಗಿ ಒಮ್ಮಿಗೇ ಹಾಲ ಬಿಡಿಸ್ತಾರೇನವ್ವ? ನಿನಗ ಬಿಡಿಸೋ ಮುಂದ ಓಣಿ ಮಂದಿ ನಿದ್ದಿ ಮಾಡಿಲ್ಲ.”

ಟಂಟಂನಲ್ಲಿದ್ದವರೆಲ್ಲ ನಕ್ಕರು. ಸ್ನೇಹಲ್ ಕಿವಿ ಬಿಸಿಯಾಯಿತು. ಅಪ್ಪ ಖಾಲಾ ಹತ್ತಿರ ಹೋಗಿ, “ಮಾಫ್ ಮಾಡ್ರಿ ಖಾಲಾ, ಬಾಯಿ ಜಾರ್ತು,” ಎಂದು ಅವಳ ಬುಟ್ಟಿಯನ್ನು ಸರಿಯಾಗಿ ಇಟ್ಟ.

ಸ್ನೇಹಲ್‌ಗೆ ಇನ್ನೊಂದು ಕೇಳುವುದಿತ್ತು. “ಹನ್ನೊಂದು ದಿನ ಎಲ್ಲಾ ಹೋದ್ವೇನು ಅಪ್ಪ?”

“ಎಲ್ಲಿ ಹೋಗ್ತಾವ? ಸೇದದೆ ಇದ್ದಾಂವ ನಾನ ಅಲ್ಲೇನು? ನನ್ನ ಹತ್ರನ ಅದಾವ.” ಅಪ್ಪ ಪೊಟ್ಟಣದಿಂದ ಒಂದು ಗಮ್ ತೆಗೆದು ಬಾಯಿಗೆ ಹಾಕಿಕೊಂಡ. ಉಳಿದದ್ದನ್ನು ತನ್ನ ಮೇಲಿನ ಜೇಬಿಗೆ ಸೇರಿಸಿ ಗುಂಡಿ ಹಾಕಿದ. “ನಡಿ, ಮುಂದ ಬಾ. ನನ್ನ ಬಾಜೂ ಕೂಡು.”

ಸ್ವಲ್ಪ ದೂರ ಹೋದ ಮೇಲೆ ಹಿಂದೆ ಕೂತಿದ್ದ ಒಬ್ಬ ರೈತ, ಬೀಡಿ ಬಿಡುವುದು ಅಷ್ಟು ತ್ರಾಸೇನು ಎಂದು ಕೇಳಿದ. ಸ್ನೇಹಲ್‌ಳ ಬಾಯಿ ತೆರೆಯಿತು. ಭಾಷಣದ ಮೊದಲ ಸಾಲು ನಾಲಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ನುಂಗಿದಳು.

ಅಪ್ಪ ಗಮ್ಮನ್ನು ಗಲ್ಲದ ಮೂಲೆಗೆ ಒತ್ತಿ ನಿಧಾನ ಹೇಳತೊಡಗಿದ. ಎದ್ದ ಕೂಡಲೇ ಕೈ ತಾನಾಗಿ ಜೇಬಿಗೆ ಹೋಗುತ್ತದಂತೆ. ಗೆಳೆಯರು ಸೇದುವಾಗ ಹತ್ತಿರ ನಿಲ್ಲಲು ಹೆದರಿಕೆಯಾಗುತ್ತದಂತೆ.

ಹೆದರಿಕೆ ಎಂಬ ಮಾತನ್ನು ಅಪ್ಪನ ಬಾಯಲ್ಲಿ ಸ್ನೇಹಲ್ ಎಂದೂ ಕೇಳಿರಲಿಲ್ಲ. ಟಂಟಂ ಸದ್ದಿನಲ್ಲಿ ಒಂದು ಮಾತೂ ತಪ್ಪಿಹೋಗಬಾರದೆಂದು ಅವಳು ಅವನ ಕಡೆಗೆ ವಾಲಿ ಕೂತಳು.