ಗಾಡಿ ಅಲುಗಬಾರದು

"ನೋವಾಯ್ತಾ?"

"ಇಲ್ಲೆ. ತೊಟ್ಲಂಗಿತ್ತ್," ಎಂದಳು ವಿನಯಾ, ಹಿಂದಿನ ಮಂಚದಿಂದ.

ಗಾಡಿ ಬಿಡುತ್ತಿದ್ದ ಯೋಗೀಶನ ಮುಖ ಅರಳಿತು. ಕನ್ನಡಿಯಲ್ಲಿ ಅವಳ ಕಣ್ಣು ಹುಡುಕಿದ. ಅವಳು ಕಣ್ಣು ತಪ್ಪಿಸದೆ ನಕ್ಕಳು. ಸುಳ್ಳು ಹೇಳುವಾಗಲೂ ಅಷ್ಟು ಚೆಂದ ನಗುವವಳನ್ನು ಯಾರು ತಾನೇ ನಂಬುವುದಿಲ್ಲ?

ಗಾಡಿ ಅವನೇ ಮಾಡಿದ್ದು. ಹಳೆಯ ಟೆಂಪೋ ಟ್ರಾವೆಲರಿನ ಸೀಟು ಕಿತ್ತು, ಒಳಗೊಂದು ಮಂಚ, ಗಂಜಿ ಕಾಯಿಸಲು ಪುಟ್ಟ ಗ್ಯಾಸ್ ಒಲೆ, ಕಿಟಕಿಗೆ ಅವಳಿಗಿಷ್ಟದ ಹಳದಿ ಪರದೆ ಹಾಕಿದ್ದ. ವಿನಯಾಳಿಗೆ ಬೆನ್ನುಮೂಳೆಯ ಕ್ಯಾನ್ಸರ್. ವಾರಕ್ಕೊಮ್ಮೆ ಬಿಜೂರಿನಿಂದ ಮಣಿಪಾಲದ ಆಸ್ಪತ್ರೆಗೆ ಹೋಗಬೇಕು. ಹೈವೇ ಅಗಲ ಮಾಡುತ್ತೇವೆಂದು ದಾರಿಯುದ್ದಕ್ಕೂ ಅಗೆದು ಹಾಕಿದ್ದ ಕಾಲ ಅದು.

ಅವರಿಬ್ಬರ ನಿಶ್ಚಿತಾರ್ಥವಾಗಿತ್ತು. ರೋಗ ಗೊತ್ತಾದ ವಾರವೇ ಅವಳು ಉಂಗುರ ವಾಪಸು ಕಳಿಸಿದಳು. ಇವನು ಜಗಳಕ್ಕೆಂದೇ ಹೋದ. "ಗಂಡ ಆಯ್ಕಂಡ್ ಬಪ್ಪುದ್ ಬ್ಯಾಡ. ಡ್ರೈವರ್ ಆಯ್ಕಂಡ್ ಬಪ್ಪುದಾರೆ ಬನ್ನಿ," ಎಂದಳು. ಸರಿ, ಡ್ರೈವರಾಗಿಯೇ ಬಂದ. ಉಂಗುರ ಡ್ಯಾಶ್‌ಬೋರ್ಡಿನಲ್ಲಿ ಸ್ಪಾನರುಗಳ ಜೊತೆ ಬಿದ್ದಿತ್ತು.

ಮೊದಲ ಸಲ ಹೋಗಿಬಂದ ರಾತ್ರಿ ಅವಳಿಗೆ ನೋವಿಗೇ ಜ್ವರ ಬಂತು. ಮರುದಿನವೇ ಯೋಗೀಶ ನಾಲ್ಕೂ ಶಾಕ್ ಅಬ್ಸಾರ್ಬರ್ ಬಿಚ್ಚಿ ಹೊಸತು ಹಾಕಿದ. ಅವನು ಗಂಗೊಳ್ಳಿಯಲ್ಲಿ ಮೀನಿನ ಗಾಡಿಗಳ ಮೆಕ್ಯಾನಿಕ್. ಮೀನು, ಐಸು ತುಂಬಿದ ಗಾಡಿ ತಿರುವಿನಲ್ಲಿ ವಾಲಬಾರದು. ಅದಕ್ಕೆ ಎಲ್ಲಕ್ಕಿಂತ ಗಟ್ಟಿ ಶಾಕ್, ಎರಡು ಸ್ಪ್ರಿಂಗ್ ಪ್ಲೇಟು ಹೆಚ್ಚಿಗೆ. ಹದಿನಾಲ್ಕು ವರ್ಷದಿಂದ ಅವನಿಗೆ ಗೊತ್ತಿದ್ದ ಒಳ್ಳೆಯ ಕೆಲಸ ಅದೊಂದೇ; ಈ ಗಾಡಿಗೂ ಅದನ್ನೇ ಮಾಡಿದ. ಹೆತ್ತವರಿಗೆ ಹೆಗ್ಗಣ ಮುದ್ದು. ತಾನು ಹಾಕಿದ ಶಾಕನ್ನು ಅವನು ಕಂಡಕಂಡವರಿಗೆಲ್ಲ ತೋರಿಸಿದ.

"ನೋವಾಯ್ತಾ?"

"ಇಲ್ಲೆ ಅಂದೆ ಅಲ್ದಾ? ರಸ್ತೆ ಕಂಡ್ಕಂಡ್ ಬಿಡಿ, ನನ್ನ್ ಕಾಂಬುದ್ ಸಾಕ್."

ನಾಲ್ಕು ವಾರ ಹೀಗೇ ನಡೆಯಿತು. ಹಿಂದೆ ಕೂತರೆ ವಾಂತಿಯೆಂದು ಅವಳ ಅಮ್ಮ ವನಜಕ್ಕ ಮುಂದೆಯೇ ಕೂರುತ್ತಿದ್ದರು. ಹಿಂದೆ ಏನಾಗುತ್ತಿದೆಯೆಂದು ಯಾರೂ ನೋಡಲಿಲ್ಲ.

ಐದನೆಯ ವಾರ ಗಾಡಿ ತೊಳೆಯುವಾಗ ಯೋಗೀಶ ದಿಂಬು ಬಿಸಿಲಿಗೆ ಹಾಕಲು ಎತ್ತಿದ. ದಿಂಬಿನ ಒಂದು ಮೂಲೆ ಹರಿದು ಹತ್ತಿ ಹೊರಬಂದಿತ್ತು. ಹಲ್ಲಿನ ಗುರುತು. ಎಷ್ಟು ಸಲ ಕಚ್ಚಿದ್ದಳೋ, ಬಟ್ಟೆ ನೂಲುನೂಲಾಗಿತ್ತು.

ಗೆಳೆಯ ಚಂದ್ರನನ್ನು ಕರೆದು ಕೀ ಕೊಟ್ಟ. "ಸಾಲಿಗ್ರಾಮದ್ ವರೆಗೂ ಬಿಡ್ ಮಾರಾಯ. ನಾನ್ ಹಿಂದ್ ಮನಿಕಂತೆ."

ಮೂರನೆಯ ಗುಂಡಿಗೆ ಅವನ ಬೆನ್ನು ಮಂಚದಿಂದ ಮೇಲೆ ಹಾರಿ ಬಿತ್ತು. ಗಟ್ಟಿಮುಟ್ಟಾದ ಅವನಿಗೇ ಹಲ್ಲು ಕಟಕಟ ಎಂದವು. ಮೀನಿನ ಭಾರವಿದ್ದರೆ ಆ ಶಾಕ್ ಕುಗ್ಗುತ್ತಿತ್ತು. ನಲವತ್ತು ಕಿಲೋ ಕೂಡ ಇಲ್ಲದ ಹುಡುಗಿಗೆ ಅದು ಯಾಕೆ ಕುಗ್ಗೀತು? ತನ್ನ ಕೈಯಾರೆ ಅವಳನ್ನು ನಾಲ್ಕು ವಾರ ಕುಟ್ಟಿಸಿದ್ದೇನೆಂದು ಅವನಿಗೆ ಅಲ್ಲೇ ಗೊತ್ತಾಯಿತು. ಪರದೆ ಎಳೆದುಕೊಂಡು ದೊಡ್ಡ ದನಿಯಲ್ಲಿ ಅತ್ತ. ಚಂದ್ರ ತಿರುಗಿ ನೋಡಲಿಲ್ಲ.

ಎರಡು ದಿನ ಗಾಡಿಯಡಿಯಿಂದ ಅವನು ಏಳಲಿಲ್ಲ. ಹೆಚ್ಚಿನ ಪ್ಲೇಟು ತೆಗೆದ, ಮೆತ್ತಗಿನ ಶಾಕ್ ತರಿಸಿ ಹಾಕಿದ. ಪ್ರತಿ ಸಲವೂ ಚಂದ್ರನ ಕೈಗೆ ಗಾಡಿ ಕೊಟ್ಟು ತಾನೇ ಹಿಂದೆ ಮಲಗಿ, ಹೊಟ್ಟೆಯ ಮೇಲೆ ನೀರು ತುಂಬಿದ ಚೆಂಬು ಇಟ್ಟುಕೊಂಡು ನೋಡಿದ. ಐದನೆಯ ಸಲ ಅಂಗಿ ಒದ್ದೆಯಾಗಲಿಲ್ಲ.

ಮುಂದಿನ ವಾರ ಮಣಿಪಾಲಕ್ಕೆ ಹೋಗುವಾಗ ವಿನಯಾ ನಿದ್ದೆ ಮಾಡಿದಳು. ಅಲ್ಲಿ ಡಾಕ್ಟರು ವನಜಕ್ಕನನ್ನೂ ಅವನನ್ನೂ ಹೊರಗೆ ಕರೆದು, ಇನ್ನು ಕರೆತರುವುದು ಬೇಡ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಶಾಕ್ ಸರಿಯಾದ ದಿನವೇ ದಾರಿ ಮುಗಿದಿತ್ತು.

ಬರುವಾಗ ಮರವಂತೆಯಲ್ಲಿ ಗಾಡಿ ನಿಲ್ಲಿಸಿದ. ವನಜಕ್ಕ, "ದೇವ್ರಿಗ್ ಕೈ ಮುಗ್ದ್ ಬತ್ತೆ," ಎಂದು ಇಳಿದುಹೋದರು. ಯೋಗೀಶ ಹಿಂದೆ ಹೋಗಿ ಮಂಚದ ಪಕ್ಕ ಕೂತ. ಮಡಿಲಲ್ಲಿ ಆ ಹರಿದ ದಿಂಬು.

"ಎಂತಕ್ ಹೇಳ್ಲಿಲ್ಲೆ ನೀನ್?"

ಅವಳು ದಿಂಬನ್ನೂ ಅವನನ್ನೂ ನೋಡಿದಳು. "ಶಾಕ್ ಹಾಕಿ ಬಂದ್ ದಿನ ನೀವ್ ಎಷ್ಟ್ ಖುಷಿಯಂಗ್ ಇದ್ರಿ! ನೋವ್ ಅಂದ್ರೆ ನಿಮ್ ಮೋರೆ ಸಣ್ಣ ಆತಿತ್. ಅದ್ ನಂಗ್ ಕಾಂಬುಕೆ ಆಪುದಲ್ಲ."

"ಇನ್ ಮೇಲೆ ಸುಳ್ ಹೇಳುಕಾಗ."

"ಇನ್ ಮೇಲೆ ಅಂಬುದ್ ಎಷ್ಟ್ ದಿನ?" ಎಂದಳು. ಡಾಕ್ಟರ ಮಾತು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಅವನು ಎದ್ದು ಸ್ಪಾನರುಗಳ ಮಧ್ಯೆ ತಡಕಿ ಉಂಗುರ ತಂದ. ಗ್ರೀಸು ಹತ್ತಿದ್ದನ್ನು ಅಂಗಿಗೆ ಒರೆಸಿದ. ಉಂಗುರದ ಬೆರಳಿಗೆ ಹಾಕಿದರೆ ಜಾರಿಬಿತ್ತು. ಅವಳೇ ಎತ್ತಿ ಹೆಬ್ಬೆರಳಿಗೆ ಹಾಕಿಕೊಂಡಳು.

"ಡ್ರೈವರಿಗೆ ಇಷ್ಟ್ ಸಲಿಗೆ ಒಳ್ಳೇದಲ್ಲ," ಎಂದು ಕೀಟಲೆಯಿಂದ ಕಣ್ಣು ಕಿರಿದು ಮಾಡಿದಳು. ಆಮೇಲೆ ಅವನ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. "ನಮ್ಗೆ ಇದೇ ಮನೆ ಅಲ್ದಾ? ನಿಧಾನ ಹೋಪ."

ವನಜಕ್ಕ ಬಂದರು. ಹೆಬ್ಬೆರಳಿನ ಉಂಗುರ ನೋಡಿದರು, ಪ್ರಸಾದದ ಹೂವನ್ನು ಮಗಳ ತಲೆಗೆ ಮುಡಿಸಿದರು.

ಮರವಂತೆಯಿಂದ ಬಿಜೂರಿಗೆ ಅರ್ಧ ಗಂಟೆಯ ದಾರಿ, ಅಂದು ಒಂದೂವರೆ ಗಂಟೆ ಹಿಡಿಯಿತು. ಹಿಂದಿನ ಬಸ್ಸುಗಳು ಹಾರ್ನ್ ಹೊಡೆದು ಹೊಡೆದು ಸೋತವು.

"ಹ್ವಾಯ್, ಇಲ್ಲೊಂದ್ಚೂರ್ ನೋಯ್ತ್," ಎಂದು ಅವಳು ಹಿಂದಿನಿಂದ ಕೂಗಿದಳು. ಅವನು ಗಾಡಿ ಇನ್ನಷ್ಟು ನಿಧಾನ ಮಾಡಿದ.

ಇನ್ನೊಂದು ಮೈಲಿ ಹೋಗುವಷ್ಟರಲ್ಲಿ ಮತ್ತೆ ಕೂಗಿದಳು. ಊರು ಬರುವವರೆಗೂ ಅವಳು ಒಂದು ನೋವನ್ನೂ ಮುಚ್ಚಿಡಲಿಲ್ಲ.